ಎರಡು ಊರುಗಳ ನಡುವೆ ಒಂದು ಡಿಸ್ಕ್ ಪ್ಲೇಯರ್

ವಿಶಾಖಪಟ್ಟಣಕ್ಕೆ ದೊಡ್ಡ ಚಂಡಮಾರುತ ಬಡಿದಾಗ ನಾನು ವಿಜಯವಾಡದಲ್ಲಿದ್ದೆ, ನನ್ನ ಗಂಡ ವಿಶಾಖಪಟ್ಟಣದಲ್ಲಿದ್ದ. 2014ರ ಮಾತು. ಮದುವೆಯಾಗಿ ವರ್ಷದ ಮೇಲೆ ಸ್ವಲ್ಪ ದಿನಗಳಾಗಿದ್ದವು. ಅವನಿಗೆ ಊರಾಚೆಯ ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ. ಎಂವಿಪಿ ಕಾಲೋನಿಯ ನಮ್ಮ ಬಾಡಿಗೆ ಫ್ಲಾಟಿನಿಂದ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಕತ್ತಲಾಗುವ ಹೊತ್ತಿಗೆ ಮನೆ. ಮೈಕ್ರೋಬಯಾಲಜಿ ಓದಿದ್ದ ನನಗೆ ಆ ಊರಿನಲ್ಲಿ ಸರಿಯಾದ ಕೆಲಸ ಸಿಗದೆ, ಕೊನೆಗೆ ವಿಜಯವಾಡದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಾಯಂ ಹುದ್ದೆ ಸಿಕ್ಕಿತು. "ಒಂದು ವರ್ಷ ನೋಡೋಣ ಕಣೇ, ಅಷ್ಟರಲ್ಲಿ ಏನಾದ್ರೂ ಆಗತ್ತೆ" ಎಂದ ಅವನು. ನಾನು ಗಂಟುಮೂಟೆ ಕಟ್ಟಿ, ಒನ್ ಟೌನ್ ಎನ್ನುವ ಹಳೆಯ ಪೇಟೆಯ ಸಗಟು ಅಂಗಡಿಗಳ ಓಣಿಯೊಂದರಲ್ಲಿ, ಮೆಣಸಿನಕಾಯಿ ಹುಣಸೆಹಣ್ಣು ತುಂಬಿದ ಗೋದಾಮಿನ ಮೇಲಿದ್ದ ಒಂದು ಕೋಣೆಗೆ ಹೋದೆ. ಅಂದುಕೊಂಡಿದ್ದ ಒಂದು ವರ್ಷ ನಾಲ್ಕಾಯಿತು.

ಚಂಡಮಾರುತದ ದಿನ ಮಧ್ಯಾಹ್ನದಿಂದ ಅವನ ಫೋನು ಹತ್ತಲಿಲ್ಲ. ಟಿವಿಯಲ್ಲಿ ಉರುಳಿದ ಮರಗಳು, ಹರಿದ ಕರೆಂಟಿನ ತಂತಿಗಳು, ಬಗ್ಗಿದ ಟವರುಗಳು. ಮಾರನೆಯ ದಿನವೂ ಅದೇ. ನಾನು ಪ್ರಯೋಗಾಲಯದಲ್ಲಿ ಕುಳಿತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೂ ಏನೂ ಕಾಣದೆ, ಮತ್ತೆ ಮತ್ತೆ ಅದೇ ಸ್ಲೈಡನ್ನು ನೋಡುತ್ತಿದ್ದೆ. ಆಮೇಲೆ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗರಗರ ಸದ್ದಿನ ನಡುವೆ ಅವನ ದನಿ.

"...ಹೋಯ್ತು ಕಣೇ."

"ಯಾರು? ಯಾರು ಹ್ವಾದ್ರು?" ಎಂದೆ.

"ಪ್ಲೇಯರ್. ಸಿಡಿ ಪ್ಲೇಯರ್ ಹೋಯ್ತು. ಕಿಟಕಿ ಗಾಜು ಒಡೆದು ನೀರೆಲ್ಲ ಅದರ ಮೇಲೇ ಬಿತ್ತು."

"ನೀ ಹೆಂಗದೀ ಅದನ್ನ ಮೊದಲ ಹೇಳೋ!" ಎಂದು ಕಿರುಚಿದೆ. ಆಮೇಲೆ ಅತ್ತುಬಿಟ್ಟೆ. ಅತ್ತದ್ದು ಕೇಳಿ ಕೆಳಗಿನಿಂದ ಮನೆಯ ಒಡತಿ ಮೆಟ್ಟಿಲು ಹತ್ತಿ ಬಂದರು. ಗೋದಾಮಿನ ಯಜಮಾನಿ ಅವರೇ. ತೆಲುಗು ಬಿಟ್ಟು ಬೇರೆ ಮಾತು ಬಾರದ, ದಪ್ಪ ಕನ್ನಡಕದ ಹೆಂಗಸು. ಗಂಡನಿಗೆ ಏನೂ ಆಗಿಲ್ಲ, ಹಾಡು ಕೇಳುವ ಪೆಟ್ಟಿಗೆ ಮಾತ್ರ ಕೆಟ್ಟಿದೆ ಎಂದು ನನ್ನ ಅರೆಬರೆ ತೆಲುಗಿನಲ್ಲಿ ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. ಇಂಥ ಸುದ್ದಿಗೆ ಅಳುವವಳನ್ನು ಅವರು ಮೊದಲ ಸಲ ಕಂಡಿರಬೇಕು.

ಆ ಪೆಟ್ಟಿಗೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಧಾರವಾಡದ ನಮ್ಮ ಮನೆಯಲ್ಲಿ ಸಂಗೀತ ಅಂದರೆ ಅಡುಗೆಮನೆಯ ಹಲಗೆಯ ಮೇಲಿನ ರೇಡಿಯೋ. ರೊಟ್ಟಿ ಬಡಿಯುವ ಸಪ್ಪಳದ ಜೊತೆಗೇ ಅದನ್ನು ಕೇಳಬೇಕು. ಬೇರೆ ಯಾವ ಕೆಲಸವನ್ನೂ ಮಾಡದೆ ಬರೀ ಕೇಳುತ್ತ ಕೂರುವುದು ಸೋಮಾರಿಗಳ ಲಕ್ಷಣ ಎಂದೇ ತಿಳಿದಿದ್ದೆ. ಮೈಸೂರಿನ ಈ ಮನುಷ್ಯ ಬೇರೆ ಥರ. ಒಂಟಿಯಾಗಿದ್ದಾಗಲೇ ಒಂದು ಹಳೆಯ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಕೊಂಡಿದ್ದ. ಮದುವೆಯಾದ ಹೊಸತರಲ್ಲಿ ನನ್ನನ್ನು ಸೋಫಾದ ನಡುವೆ ಕೂರಿಸಿ, "ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಅಲ್ಲಿ. ಈಗ ಕಣ್ಮುಚ್ಚು" ಎನ್ನುತ್ತಿದ್ದ. ನಾನು ಕಣ್ಣು ಮುಚ್ಚಿದಂತೆ ಮಾಡಿ ಅವನನ್ನು ನೋಡುತ್ತಿದ್ದೆ.

ಅವನ ಹತ್ತಿರ ಒಂದು ರಟ್ಟಿನ ಡಬ್ಬಿ ತುಂಬ ವಿಶೇಷ ಡಿಸ್ಕುಗಳಿದ್ದವು. ಹೈದರಾಬಾದಿನಲ್ಲಿ ಮುಚ್ಚಿಹೋಗುತ್ತಿದ್ದ ಒಂದು ಅಂಗಡಿಯಲ್ಲಿ ಕೊಂಡವು. ನೋಡಲು ಮಾಮೂಲಿ ಸಿಡಿಯಂತೆಯೇ ಇದ್ದರೂ ಅವುಗಳಲ್ಲಿ ಎರಡು ಪದರವಂತೆ. ಒಂದನ್ನು ಎಲ್ಲ ಪ್ಲೇಯರೂ ಓದುತ್ತವೆ. ಇನ್ನೊಂದರಲ್ಲಿ ಅದೇ ಸಂಗೀತ ಬಹಳ ಸೂಕ್ಷ್ಮವಾಗಿ, ಸ್ಟುಡಿಯೋದಲ್ಲಿ ಹಿಡಿದದ್ದು ಹಿಡಿದ ಹಾಗೆಯೇ ಇರುತ್ತದೆ. ಅದನ್ನು ಓದಲು ಬೇರೆಯದೇ ಪ್ಲೇಯರ್ ಬೇಕು. ನಮ್ಮಲ್ಲಿದ್ದದ್ದು ಮಾಮೂಲಿಯದು. ಹಾಗಾಗಿ ಡಿಸ್ಕುಗಳಿದ್ದೂ ಅವುಗಳ ಒಳಗಿನ ಪದರವನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಕರೆಂಟು ಬಂದು, ಊರು ಮತ್ತೆ ಎದ್ದು ಕೂತ ಮೇಲೆ ಅವನೆಂದ: "ಹಳೇದು ಹೋಗಿದ್ದೂ ಒಳ್ಳೇದೇ ಆಯ್ತು ಅಂದ್ಕೋ. ಈ ಸಲ ಸರಿಯಾದ್ದನ್ನೇ ತಗೊಳ್ಳೋಣ. ನೀನೂ ನೋಡು. ಇಬ್ರೂ ಸೇರಿ ಆರಿಸೋಣ."

ಹೀಗೆ ಶುರುವಾಯಿತು. ಅವನು ಬಸ್ಸಿಳಿದು, ಸ್ನಾನ ಮಾಡಿ, ಅನ್ನಕ್ಕಿಟ್ಟು, ಎಂಟು ಗಂಟೆಗೆ ಫೋನು ಮಾಡುತ್ತಿದ್ದ. ಮೊದಲ ಎರಡು ನಿಮಿಷ ಊಟ, ಆರೋಗ್ಯ, ಎರಡೂ ಕಡೆಯ ಅಪ್ಪ ಅಮ್ಮಂದಿರು. ಆಮೇಲೆ ಪ್ಲೇಯರ್. ಒಂದು ಕಡೆ, ಆ ಸೂಕ್ಷ್ಮ ಪದರದ ಡಿಸ್ಕನ್ನೂ ಸಿಡಿಯನ್ನೂ ಮಾತ್ರ ಓದುವ, ಬರೀ ಎರಡು ಸ್ಪೀಕರಿಗೆಂದೇ ಮಾಡಿದ ಭಾರದ ಪ್ಲೇಯರುಗಳು. ಇನ್ನೊಂದು ಕಡೆ, ಸಿನಿಮಾ ಡಿಸ್ಕಿನಿಂದ ಹಿಡಿದು ಯಾವುದನ್ನು ಹಾಕಿದರೂ ಓದುವ ಸರ್ವಭಕ್ಷಕ ಪ್ಲೇಯರುಗಳು. ನಮ್ಮ ಆಂಪ್ಲಿಫೈಯರ್ ಹಳೆಯದು, ಕೆಂಪು ಬಿಳಿ ತಂತಿ ಬಿಟ್ಟು ಬೇರೇನೂ ಅದಕ್ಕೆ ತಿಳಿಯದು. ಆದ್ದರಿಂದ ಪ್ಲೇಯರಿನ ಒಳಗೇ ದನಿಯನ್ನು ಚೆನ್ನಾಗಿ ಮಾಡಿ ಹೊರಗೆ ಕಳಿಸುವ ಶಕ್ತಿ ಇರಬೇಕು. ಇದು ನನಗೆ ಅರ್ಥವಾಗಲು ಕೆಲವು ತಿಂಗಳು ಹಿಡಿದವು. ಅರ್ಥವಾದ ಮೇಲೆ ನಾನು ಬಿಡಲಿಲ್ಲ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಯಾರ್‍ಯಾರೋ ಬರೆದ ವಿಮರ್ಶೆಗಳನ್ನು ಓದಿ ಸಂಜೆಗೆ ತಯಾರಾಗುತ್ತಿದ್ದೆ.

"ಅಲ್ಲೋ, ಆ ಜಪಾನಿನದರ ಲೇಸರ್ ಕೆಟ್ಟರ ಇಲ್ಲಿ ಯಾರೂ ರಿಪೇರಿ ಮಾಡಂಗಿಲ್ಲಂತ. ಓದಿದೇನು?"

"ಓದ್ದೆ. ಆದ್ರೆ ಅದರ ತೂಕ ನೋಡು. ತೂಕ ಇದ್ರೆ ಕಂಪನ ಇರಲ್ಲ."

"ತೂಕ ಇದ್ದದ್ದೆಲ್ಲ ಚಲೋ ಆಗ್ತಿದ್ರ ನಮ್ಮ ಸೋದರಮಾವ ದೊಡ್ಡ ಗವಾಯಿ ಆಗಬೇಕಿತ್ತು."

ಅವನು ನಕ್ಕಾಗ ಫೋನಿನೊಳಗೆ ಒಂದು ಬಗೆಯ ಉಸಿರು ಕೇಳುತ್ತಿತ್ತು. ಮೂಗಿನಿಂದ ಹೊರಟು ಗಂಟಲಿನಲ್ಲಿ ನಿಲ್ಲುವ ಉಸಿರು. ಅದನ್ನು ಕೇಳಲೆಂದೇ ನಾನು ಏನಾದರೊಂದು ಹೇಳುತ್ತಿದ್ದೆ.

ಎರಡು ವಾರಕ್ಕೊಮ್ಮೆ ನಾನು ಅಲ್ಲಿಗೋ ಅವನು ಇಲ್ಲಿಗೋ ಹೋಗಿಬರುತ್ತಿದ್ದೆವು. ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ಹಗಲು. ಗೋದಾವರಿಯ ಸೇತುವೆ ದಾಟುವಾಗ ಅಲ್ಲಿಂದಲೇ "ನದಿ ಬಂತು" ಎಂದು ಸಂದೇಶ ಕಳಿಸುವುದು ರೂಢಿಯಾಗಿತ್ತು. ಬಂದವರು ಇಳಿದು, ಊಟ ಮಾಡಿ, ಮಲಗಿ ಎದ್ದರೆ ಮತ್ತೆ ಹೊರಡುವ ದಿನ. ಆ ಅವಸರದಲ್ಲಿ ಪ್ಲೇಯರಿನ ಮಾತು ಬರುತ್ತಿರಲಿಲ್ಲ. ಒಗೆಯದ ಬಟ್ಟೆ, ಖಾಲಿಯಾದ ಗ್ಯಾಸು, ಬೀಗ ಹಾಳಾದ ಬಾಗಿಲು, ಇವುಗಳಲ್ಲೇ ಹೊತ್ತು ಹೋಗುತ್ತಿತ್ತು. ನಿಜವಾದ ಮಾತು ಮತ್ತೆ ಎಂಟು ಗಂಟೆಗೆ, ನೂರಾರು ಮೈಲಿ ದೂರದಿಂದ.

ಮನೆಯ ಒಡತಿ ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು: "ಏಮ್ಮಾ, ಇಂಕಾ ಕೊನಲೇದಾ ಆ ಪೆಟ್ಟೆ?" ಇನ್ನೂ ಕೊಂಡಿಲ್ಲವೇ ಆ ಪೆಟ್ಟಿಗೆ ಎಂದು. ಇಲ್ಲ ಎಂದರೆ ತಲೆಯಾಡಿಸಿ, "ಕೊಂಡರೂ ಎಲ್ಲಿಡುತ್ತೀರಿ? ಅಲ್ಲೋ, ಇಲ್ಲೋ?" ಎನ್ನುತ್ತಿದ್ದರು. ನಾನು ನಕ್ಕು ಮೇಲೆ ಹತ್ತಿಹೋಗುತ್ತಿದ್ದೆ. ಗೋದಾಮಿನ ಮೆಣಸಿನಕಾಯಿಯಿಂದ ನನ್ನ ಕೋಣೆಯ ಫ್ಯಾನಿನ ರೆಕ್ಕೆಯ ಮೇಲೂ ಕೆಂಪು ಧೂಳು ಕೂತಿರುತ್ತಿತ್ತು. ಇಲ್ಲಂತೂ ಇಡಲಾಗದು ಎಂದುಕೊಳ್ಳುತ್ತಿದ್ದೆ. ಅಲ್ಲಿಟ್ಟರೆ ನಾನು ಕೇಳುವುದು ಎರಡು ವಾರಕ್ಕೊಮ್ಮೆ. ಯೋಚನೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

2016ರ ಚಳಿಗಾಲದಲ್ಲಿ ಒಂದು ಭಾನುವಾರ ನಾವಿಬ್ಬರೂ ನಿಜವಾಗಿ ಪ್ಲೇಯರುಗಳನ್ನು ಕೇಳಿದೆವು. ನನ್ನ ಆಸ್ಪತ್ರೆಗೆ ಪರೀಕ್ಷೆಗೆಂದು ಬರುತ್ತಿದ್ದ ಒಬ್ಬ ನಿವೃತ್ತ ಎಂಜಿನಿಯರಿಗೂ ಈ ಹುಚ್ಚು ಇದೆಯೆಂದು ಮಾತಿಗೆ ಮಾತು ಬಂದು ಗೊತ್ತಾಗಿತ್ತು. ಕಾಲುವೆಯ ದಂಡೆಗೆ ಅವರ ಮನೆ. ನಾವು ಫೋನಿನಲ್ಲಿ ಜಗಳವಾಡುತ್ತಿದ್ದ ಎರಡು ಜಾತಿಯ ಪ್ಲೇಯರೂ ಅವರಲ್ಲಿದ್ದವು. ಅವರ ಹೆಂಡತಿ ಪೆಸರಟ್ಟು ದೋಸೆ ಕೊಟ್ಟು ಒಳಗೆ ಹೋದರು. ಎಂಜಿನಿಯರರು ಕಿಟಕಿಯ ಪರದೆ ಎಳೆದು, ನನ್ನ ಗಂಡ ಎದೆಗವಚಿಕೊಂಡು ತಂದಿದ್ದ ಡಬ್ಬಿಯಿಂದ ಒಂದು ಸರೋದ್ ಡಿಸ್ಕ್ ಎತ್ತಿಕೊಂಡರು.

"ವಿನಂಡಿ. ಮಾಟ್ಲಾಡಕಂಡಿ" ಎಂದರು. ಕೇಳಿ, ಮಾತಾಡಬೇಡಿ.

ನಾವು ಸೋಫಾದಲ್ಲಿ ಪಕ್ಕಪಕ್ಕ ಕೂತೆವು. ಮೊದಲು ಎಲ್ಲವನ್ನೂ ಓದುವ ಪ್ಲೇಯರ್. ಸರೋದಿನ ತಂತಿಗಳು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿಕೊಂಡವು. ವಾದ್ಯದ ಉಕ್ಕಿನ ಹಾಸಿನ ಮೇಲೆ ಉಗುರು ಜಾರುವುದು, ತಂಬೂರಿಯ ಒಂದೊಂದು ಎಳೆ, ಎಲ್ಲ ಬಿಡಿಬಿಡಿಯಾಗಿ ಕೇಳಿತು. ಗಂಡ ನನ್ನ ಕಡೆ ತಿರುಗಿ ಹುಬ್ಬೇರಿಸಿದ. ಆಮೇಲೆ ಭಾರದ ಪ್ಲೇಯರ್. ಅದರಲ್ಲಿ ಅಷ್ಟು ವೈಭವವಿರಲಿಲ್ಲ. ಸದ್ದು ಸ್ವಲ್ಪ ಹಿಂದೆ ಸರಿದು ಕೂತಂತಿತ್ತು. ಆದರೆ ಆಲಾಪದ ನಡುವೆ ಒಂದು ಕಡೆ ನುಡಿಸುವವರು ಕೈ ನಿಲ್ಲಿಸಿ ಉಸಿರೆಳೆದುಕೊಂಡದ್ದು ನನಗೆ ಕೇಳಿತು. ಮುಂದಿನ ಸ್ವರಕ್ಕೆ ಹೋಗಲೋ ಬೇಡವೋ ಎಂದು ಅನುಮಾನಿಸಿದ ಹಾಗೆ. ಆ ಹೊತ್ತಿನಲ್ಲಿ ನನ್ನ ಗಂಡನ ಕೈ ಸೋಫಾದ ಮೇಲೆ, ನನ್ನ ಕೈಯ ಪಕ್ಕದಲ್ಲೇ ಇತ್ತು. ಕಾರ್ಖಾನೆಯ ದ್ರಾವಣಗಳಿಂದ ಬೆರಳ ತುದಿಗಳು ಒಣಗಿ ಬಿರಿದಿದ್ದವು. ಹೊರಡಬೇಕೆನ್ನುವ ಆತುರವಿಲ್ಲದೆ ಇಷ್ಟು ಹತ್ತಿರ ಸುಮ್ಮನೆ ಕೂತು ಎಷ್ಟು ದಿನವಾಯಿತು ಎಂದು ನೆನೆದೆ. ನೆನಪಾಗಲಿಲ್ಲ. ಡಿಸ್ಕ್ ಮುಗಿಯಬಾರದು ಅನ್ನಿಸಿತು. ಅದು ಮುಗಿಯಿತು, ಅವರು ಪರದೆ ಸರಿಸಿದರು, ಅವನು ಗಡಿಯಾರ ನೋಡಿದ. ರೈಲಿಗೆ ಹೊತ್ತಾಗಿತ್ತು.

ಸ್ಟೇಷನ್ನಿಗೆ ಹೋಗುವ ಆಟೋದಲ್ಲಿ ಅವನೆಂದ: "ಮೊದಲನೇದೇ ಕಣೇ. ಅನುಮಾನವೇ ಇಲ್ಲ."

"ನನಗ ಎರಡನೇದು ಸೇರ್‍ತು."

"ಅದ್ರಲ್ಲಿ ಏನಿತ್ತು?"

"ಉಸಿರಿತ್ತು."

"ಮೊದಲನೇದ್ರಲ್ಲೂ ಇತ್ತು ಉಸಿರು."

"ಇದ್ದಿರಬಹುದು. ಅಷ್ಟು ಸದ್ದಿನಾಗ ನನಗ ಕೇಳಲಿಲ್ಲ."

ಈ ವಾದ ಒಂದು ವರ್ಷದ ಮೇಲೆ ನಡೆಯಿತು. ಎಂಟು ಗಂಟೆಯ ಫೋನಿಗೆ ಅದು ಮೇವು. ಮಾತಿನ ನಡುವೆ ಪರವಾಗಿಲ್ಲ ಎನ್ನಲು ಅವನ ಬಾಯಲ್ಲಿ "ಪರ್ವಾಲೇದು", ಹೌದಾ ಎನ್ನಲು ನನ್ನ ಬಾಯಲ್ಲಿ "ಅವುನಾ" ನುಸುಳತೊಡಗಿದ್ದವು. ಪ್ಲೇಯರಿನ ನೆಪದಲ್ಲಿ ಏನೇನೋ ಹೇಳುತ್ತಿದ್ದ. ಮನೆಯಲ್ಲಿ ಒಬ್ಬನೇ ಇದ್ದಾಗ ಸದ್ದಿಗಾಗಿ ಫ್ಯಾನನ್ನು ಜೋರಾಗಿ ಹಾಕಿಕೊಳ್ಳುತ್ತೇನೆ ಎಂದು ಒಮ್ಮೆ ಹೇಳಿದ. ಇನ್ನೊಮ್ಮೆ, ನಾನು ಬಿಟ್ಟುಹೋದ ಸೀರೆಯನ್ನು ಸ್ಪೀಕರುಗಳ ಮೇಲೆ ಹೊದೆಸಿದ್ದೇನೆ, ಧೂಳಿಗೆ, ಎಂದ. ಧೂಳಿಗೆ ಎನ್ನುವುದನ್ನು ಎರಡು ಸಲ ಹೇಳಿದ.

2018ರಲ್ಲಿ ಒಂದು ದಿನ ಫೋನೆತ್ತಿದ ಕೂಡಲೇ ಅವನ ದನಿ ಬೇರೆಯಾಗಿತ್ತು. ಅವನು ಆರಿಸಿದ್ದ ಆ ಎಲ್ಲವನ್ನೂ ಓದುವ ಪ್ಲೇಯರನ್ನು ಮಾಡುವ ಕಂಪನಿ, ಇನ್ನು ಮುಂದೆ ಪ್ಲೇಯರುಗಳನ್ನೇ ಮಾಡುವುದಿಲ್ಲ ಎಂದು ಹೇಳಿಬಿಟ್ಟಿತ್ತಂತೆ. ಮಾರುವವರಿಗೆಲ್ಲ ಫೋನು ಮಾಡಿದ್ದ. ಇದ್ದದ್ದೆಲ್ಲ ಖಾಲಿ.

"ಬೇಗ ತಗೋಬೇಕಿತ್ತು" ಎಂದ.

"ತಗೊಂಡು ಎಲ್ಲಿ ಇಡೋದಿತ್ತು?" ಎಂದೆ ನಾನು.

ಮನೆಯ ಒಡತಿ ಕೇಳುತ್ತಿದ್ದ ಪ್ರಶ್ನೆ. ನಮ್ಮಿಬ್ಬರಲ್ಲಿ ಒಬ್ಬರ ಬಾಯಿಂದ ಅದು ಬಂದದ್ದು ಅದೇ ಮೊದಲು. ಕೆಳಗೆ ಓಣಿಯಲ್ಲಿ ಲಾರಿಗೆ ಮೂಟೆ ಏರಿಸುವವರ ಕೂಗು ಕೇಳುತ್ತಿತ್ತು. ಅದು ಅವನಿಗೂ ಕೇಳುತ್ತಿದ್ದಿರಬೇಕು. ಬಹಳ ಹೊತ್ತಾದ ಮೇಲೆ "ಸರಿ, ಮಲಕ್ಕೋ" ಎಂದು ಇಟ್ಟುಬಿಟ್ಟ.

ಮಾರನೆಯ ವಾರ ನಾನು ವಿಶಾಖಪಟ್ಟಣದ ಒಂದು ಸಣ್ಣ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದೆ. ಹುದ್ದೆ ಈಗಿನದಕ್ಕಿಂತ ಕೆಳಗಿನದು, ಕಾಯಂ ಅಲ್ಲ. ಕರೆದರು. ಹೋಗುತ್ತೇನೆಂದು ನಿರ್ಧರಿಸಿದ ಮೇಲೆಯೇ ಅವನಿಗೆ ಹೇಳಿದೆ. "ಯೋಚನೆ ಮಾಡಿದೀಯಾ?" ಎಂದ. "ನಾಲ್ಕು ವರ್ಷ ಮಾಡೇನಿ" ಎಂದೆ.

ಹೊರಡುವ ಮೊದಲು ಕಾಲುವೆ ದಂಡೆಯ ಆ ಎಂಜಿನಿಯರರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಎದ್ದು ಹೋಗಿ ಭಾರದ ಪ್ಲೇಯರಿನ ಮೇಲೆ ಕೈಯಿಟ್ಟು, ತಮಗೆ ಎರಡೆರಡು ಯಾಕೆ, ಇದನ್ನು ನೀನು ಕೊಂಡುಹೋಗು ಎಂದರು. ಅಂದು ನನ್ನ ಮುಖದಲ್ಲಿ ಏನನ್ನು ಕಂಡಿದ್ದರೋ, "ನಿನಗೆ ಇದೇ ಹಿಡಿಸಿತ್ತು" ಎಂದೂ ಹೇಳಿದರು. ಗಂಡನಿಗೆ ಒಂದು ಮಾತು ಕೇಳಲು ಫೋನು ತೆಗೆದವಳು ಮತ್ತೆ ಒಳಗಿಟ್ಟೆ. ಆರಿಸುವ ಕೆಲಸ ಸಾಕಾಗಿತ್ತು. ಹಳೆಯ ಕಂಬಳಿಯಲ್ಲಿ ಸುತ್ತಿ, ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ತಂದೆ. ಇಳಿಯುವಾಗ ಕಾಲು ಜೋಮು ಹಿಡಿದು ನಿಲ್ಲಲಾಗಲಿಲ್ಲ. ಅವನು ಪ್ಲಾಟ್‌ಫಾರ್ಮಿನಲ್ಲಿ ಮೊದಲು ಕಂಬಳಿಯ ಗಂಟು ನೋಡಿದ, ಆಮೇಲೆ ನನ್ನನ್ನು.

"ಇದೇನೇ, ಮಗೂ ಎತ್ಕೊಂಡು ಬಂದ ಹಾಗೆ?"

"ಎರಡನೇದು" ಎಂದೆ.

ಅವನು ಕೋಪಿಸಿಕೊಳ್ಳಲಿಲ್ಲ. ಅಂದೇ ಕೆಂಪು ಬಿಳಿ ತಂತಿ ಜೋಡಿಸಿದ. ಸ್ಪೀಕರಿನ ಮೇಲಿನ ಸೀರೆ ತೆಗೆದು ಮಡಚಿದ. ಅದೇ ಸರೋದ್ ಹಾಕಿದ. ಮುಚ್ಚಿಟ್ಟಿದ್ದ ಒಳಪದರ ಕೊನೆಗೂ ನಮ್ಮ ಮನೆಯಲ್ಲಿ ಬಿಚ್ಚಿಕೊಂಡಿತು. ಆ ಉಸಿರಿನ ಜಾಗ ಬಂದಾಗ ಅವನು ಬೆರಳೆತ್ತಿ ತೋರಿಸಿದ. ಕೇಳಿತು ಎಂದು.

"ಚೆನ್ನಾಗಿದೆ" ಎಂದ, ಮುಗಿದ ಮೇಲೆ.

"ಹೂಂ" ಎಂದೆ.

ಅಷ್ಟೇ. ದಿನಾ ಎಂಟು ಗಂಟೆಗೆ ನಾವು ಕೂತು ಕೇಳುತ್ತಿದ್ದೆವು. ಮುಗಿದ ಮೇಲೆ ಚೆನ್ನಾಗಿದೆ, ಹೂಂ. ಅವನು ಕೈಗೆಟುಕುವ ದೂರದಲ್ಲಿದ್ದ. ಚಹಾ ಬೇಕೇ ಎಂದರೆ ಬೇಕು ಅನ್ನುತ್ತಿದ್ದ. ಕಾರ್ಖಾನೆಯಲ್ಲಿ ಏನಾಯಿತು ಎಂದರೆ ಏನಿಲ್ಲ ಅನ್ನುತ್ತಿದ್ದ. ಜಗಳವಿಲ್ಲ, ಬೇಸರವೂ ಅಲ್ಲ. ನಾಲ್ಕು ವರ್ಷ ಕಿವಿಯೊಳಗೇ ಇದ್ದ ಮನುಷ್ಯ ಎದುರಿಗೆ ಕೂತ ಮೇಲೆ ದೂರ ಹೋದ ಹಾಗಿತ್ತು. ಸಂಗೀತ ನಡೆಯುತ್ತಿರುವಾಗ ನಾನು ಅವನ ಮುಖ ನೋಡುತ್ತಿದ್ದೆ. ಫೋನಿನಲ್ಲಿದ್ದವನು ಈ ಮುಖದ ಯಾವ ಮೂಲೆಯಲ್ಲಿದ್ದಾನೆ ಎಂದು ಹುಡುಕುತ್ತಿದ್ದೆ. ಇದನ್ನು ಯಾರಿಗೆ ಹೇಳುವುದು? ಗಂಡನ ಜೊತೆಯಲ್ಲೇ ಇದ್ದು ಗಂಡನ ನೆನಪಾಗುತ್ತದೆ ಎಂದರೆ ತವರಿನಲ್ಲಿ ನಗುತ್ತಾರೆ.

2019ರಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳ ಮಗುವಿನ ನಾಮಕರಣಕ್ಕೆ ನಾನೊಬ್ಬಳೇ ವಿಜಯವಾಡಕ್ಕೆ ಹೋದೆ. ಅವನಿಗೆ ರಜೆ ಇರಲಿಲ್ಲ. ಉಳಿದುಕೊಳ್ಳಲು ಒನ್ ಟೌನಿಗೇ ಹೋದೆ. ನನ್ನ ಕೋಣೆಯಲ್ಲಿ ಈಗ ಒಣಮೆಣಸಿನ ಚೀಲಗಳಿದ್ದವು. ಮನೆಯ ಒಡತಿ ತಮ್ಮ ಮುಂಗೋಣೆಯಲ್ಲೇ ಹಾಸಿಗೆ ಹಾಕಿಕೊಟ್ಟರು. ಊಟಕ್ಕೆ ಪುಂಡಿಸೊಪ್ಪಿನ ಗೋಂಗೂರ ಬಡಿಸಿ, ಪೆಟ್ಟಿಗೆ ಕೊಂಡಿರಾ ಎಂದು ಕೇಳಿದರು. ಬಂತು ಎಂದೆ. ಎಲ್ಲಿಟ್ಟಿರಿ ಎಂದು ಕೇಳಲಿಲ್ಲ.

ಎಂಟಕ್ಕೆ ಫೋನು ಬಂತು.

"ಊಟ ಆಯ್ತಾ?" ಎಂದ. ಆಯಿತು ಎಂದೆ. "ಇವತ್ತು ಒಬ್ನೇ ಕೂತು ಹಾಕ್ದೆ ಕಣೇ. ನೀನಿಲ್ದೆ ಎಡಗಡೆ ಸ್ಪೀಕರ್ ಜಾಸ್ತಿ ಕೇಳುತ್ತೆ" ಎಂದ. "ನೀ ನಡೂಕ ಕೂಡಬೇಕು" ಎಂದೆ. "ನಡುವೆ ಕೂರಕ್ಕೆ ಅಭ್ಯಾಸ ತಪ್ಪಿದೆ" ಎಂದ.

ಆಮೇಲೆ ಅವನು ಮಾತಾಡತೊಡಗಿದ. ಕಾರ್ಖಾನೆಯಲ್ಲಿ ಹೊಸದಾಗಿ ಬಂದ ಮೇಲಧಿಕಾರಿ ಎಲ್ಲರೆದುರು ತನ್ನನ್ನು ಸಣ್ಣವನನ್ನಾಗಿ ಮಾಡುತ್ತಾನೆ ಎಂದ. ಎರಡು ತಿಂಗಳಿಂದ ಹೀಗೆ. ಬಸ್ಸಿನಲ್ಲಿ ಬರುವಾಗ ದಿನವೂ ಹೇಳಬೇಕೆಂದುಕೊಳ್ಳುತ್ತಾನಂತೆ, ಬಾಗಿಲು ತೆಗೆದು ನನ್ನ ಮುಖ ನೋಡಿದ ಮೇಲೆ ಆಗುವುದಿಲ್ಲವಂತೆ. "ನನಗೋಸ್ಕರ ಅಂಥ ಕೆಲಸ ಬಿಟ್ಟು ಬಂದೆ. ನಿನ್ನೆದುರಿಗೆ ಕೂತು ಇದನ್ನ ಹೇಳಕ್ಕೆ ಬಾಯೇ ಬರಲ್ಲ" ಎಂದ. ಎರಡು ತಿಂಗಳು ಎದುರಿಗೇ ಇದ್ದೂ ನನಗೆ ಗೊತ್ತಾಗಿರಲಿಲ್ಲ. ನಾನು ಆ ಅಧಿಕಾರಿಯನ್ನು ಧಾರವಾಡದ ಭಾಷೆಯಲ್ಲಿ ಚೆನ್ನಾಗಿ ಬೈದೆ. ಆ ಹಳೆಯ ನಗು ಕಿವಿಗೆ ಬಂತು. ನಾನು ಫೋನನ್ನು ಒತ್ತಿ ಹಿಡಿದುಕೊಂಡೆ.

"ನಾಳೆ ಎಷ್ಟೊತ್ತಿನ ಗಾಡಿ?" ಎಂದ.

"ಮಧ್ಯಾಹ್ನದ್ದು."

"ಬೇಕಾದ್ರೆ ಇನ್ನೊಂದು ದಿನ ಇದ್ದು ಬಾ" ಎಂದ ಮೆಲ್ಲಗೆ.

ಬೇರೆ ಯಾರಾದರೂ ಕೇಳಿದ್ದರೆ ಹೆಂಡತಿ ಬೇಡವೆನ್ನುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಅವನಿಗೆ ಇನ್ನೂ ಮಾತಿತ್ತು. ನಾನು ಇನ್ನೊಂದು ದಿನ ಇದ್ದೆ. ಮರುದಿನವೂ ಬಹಳ ಹೊತ್ತು ಮಾತಾಡಿದೆವು, ಆ ಕಾರ್ಖಾನೆ ಬಿಟ್ಟರೆ ಏನು ಎನ್ನುವ ತನಕ.

ಹಿಂದಿರುಗಿದ ದಿನ ಅವನು ಸ್ಟೇಷನ್ನಿಗೆ ಬಂದಿದ್ದ. ಚೀಲ ತೆಗೆದುಕೊಂಡ. ಕಾಲೋನಿಯ ತಿರುವಿನಲ್ಲಿ ಅವನು ಆಟೋ ನಿಲ್ಲಿಸಿ, "ಇಲ್ಲಿಂದ ನಡೆಯೋಣ್ವಾ?" ಎಂದ. ಕೋಚಿಂಗ್ ಮುಗಿಸಿ ಬರುವ ಮಕ್ಕಳ ಸೈಕಲ್ಲುಗಳ ನಡುವೆ, ಒಬ್ಬರ ಮುಖ ಒಬ್ಬರು ನೋಡದೆ, ಪಕ್ಕಪಕ್ಕ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಅವನು, "ಇವತ್ತು ಆ ಮನುಷ್ಯ ಏನ್ ಮಾಡ್ದ ಗೊತ್ತಾ?" ಎಂದು ಶುರುಮಾಡಿದ. ನಾನು ಹೆಜ್ಜೆ ನಿಧಾನ ಮಾಡಿದೆ.